ಎಡಮಾಮನ ಹಸಿರು ಕಾಯಿ

ನನ್ನ ಸೋದರಮಾವನಿಗೆ ಮತ್ತಿಕೆರೆಯಲ್ಲಿ ‘ಎಡಮಾಮ’ ಎಂಬ ಹೆಸರಿತ್ತು. ಅವರು ಎಡಚರಲ್ಲ. ರಾಜಕೀಯದಲ್ಲೂ ಎಡ, ಬಲ ಯಾವುದೂ ಅಲ್ಲ. ಊರೆಲ್ಲ ಬಾಯಿರುಚಿಗೆ ತಿನ್ನುತ್ತಿದ್ದ ಕಾಲದಲ್ಲಿ ಆರೋಗ್ಯಕ್ಕೆಂದು ತಿಂದ ಮತ್ತಿಕೆರೆಯ ಮೊದಲ ಮನುಷ್ಯ ನನ್ನ ಮಾಮ ಎಂದರೆ ನೀವು ನಂಬಲೇಬೇಕು. ಯಾಕೆಂದರೆ ಅದರ ಫಲ ಉಂಡವರಲ್ಲಿ ನಾನೂ ಒಬ್ಬಳು!

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದ ಕಡೆಯಿಂದ ಬಂದ ಮಾಮ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನು ಡಿಗ್ರಿ ಮುಗಿಸಿ, ಟೈಪಿಂಗ್ ಕಲಿಯುತ್ತ, ಅವರ ಮನೆಯಲ್ಲೇ ಇದ್ದೆ. ಆ ವರ್ಷ ಕಾರ್ಖಾನೆಗೆ ಜಪಾನಿನಿಂದ ಹೊಸ ಯಂತ್ರ ಬಂತು. ಅದನ್ನು ಕೂಡಿಸಲು ಹಿಂದೆಯೇ ಒಬ್ಬ ಜಪಾನಿ ಇಂಜಿನಿಯರ್ ಬಂದ. ಅವನ ಸಹಾಯಕ್ಕೆ ಮಾಮನನ್ನು ಹಾಕಿದರು. ಮಾಮನಿಗೆ ಬರುತ್ತಿದ್ದ ಇಂಗ್ಲಿಷು ನಲವತ್ತು ಪದ, ಅವನಿಗೆ ಮೂವತ್ತು. ಯಂತ್ರಕ್ಕೆ ಅಷ್ಟೆಲ್ಲ ಬೇಕಾಗಲಿಲ್ಲ; ಮಿಕ್ಕ ಪದಗಳಲ್ಲಿ ಇಬ್ಬರೂ ಊಟದ ವಿಷಯ ಮಾತಾಡಿದರು. ಕ್ಯಾಂಟೀನಿನ ಮೆಣಸಿನಕಾಯಿ ಬಜ್ಜಿ ಕಚ್ಚಿ ಕಣ್ಣೀರು ಒರೆಸಿಕೊಳ್ಳುತ್ತ ಆತ ಹೇಳಿದನಂತೆ: ನಮ್ಮಲ್ಲಿ ಸೋಯಾ ಅವರೆಯ ಎಳೆಕಾಯಿಯನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ, ಒಳಗಿನ ಕಾಳು ಮಾತ್ರ ಚೀಪಿ ತಿನ್ನುತ್ತೇವೆ, ಅದಕ್ಕೆ ಎಡಮಾಮೆ ಅನ್ನುತ್ತೇವೆ. ತನ್ನ ಅಜ್ಜನಿಗೆ ತೊಂಬತ್ತು ದಾಟಿದೆ, ಇನ್ನೂ ಸೈಕಲ್ ಹೊಡೆಯುತ್ತಾನೆ ಎಂದೂ ಸೇರಿಸಿದನಂತೆ. ಮಾಮನ ಬದುಕು ಅಲ್ಲಿಗೆ ತಿರುಗಿತು.

ಮುಂದಿನ ಭಾನುವಾರವೇ ಅವರು ಹೆಬ್ಬಾಳದವರೆಗೆ ಸೈಕಲ್ ತುಳಿದು, ಬೀಜದ ಅಂಗಡಿಯಿಂದ ಅರ್ಧ ಸೇರು ಸೋಯಾ ತಂದರು. ಬಿತ್ತಲು ಮನೆಯ ಪಕ್ಕದ ಖಾಲಿ ಸೈಟು ಇತ್ತು. ಅದು ನಮ್ಮ ಮನೆ ಮಾಲೀಕರಾದ ಮುನಿಶಾಮಪ್ಪನವರದು. ಒಂದು ಕಾಲಕ್ಕೆ ನಮ್ಮ ಬೀದಿಯಿಂದ ರೈಲು ಹಳಿಯವರೆಗೂ ಅವರ ರಾಗಿ ಹೊಲವೇ ಇತ್ತಂತೆ. ಎಲ್ಲ ಸೈಟುಗಳಾಗಿ ಮಾರಿಹೋಗಿ ಉಳಿದದ್ದು ಇದೊಂದು. ಮಾಮ ಕುಕ್ಕರಗಾಲಲ್ಲಿ ಕೂತು, ಕಾರ್ಖಾನೆಯ ಸ್ಟೀಲ್ ಸ್ಕೇಲಿನಿಂದ ಕಾಳಿಗೂ ಕಾಳಿಗೂ ಅಂತರ ಅಳೆಯುವುದನ್ನು ಅವರು ಗೋಡೆಗೆ ಒರಗಿ ನೋಡಿದರು. ಹೆಚ್ಚು ಹೊತ್ತು ತಡೆಯಲಾಗಲಿಲ್ಲ. ಪಂಚೆ ಎತ್ತಿಕಟ್ಟಿ ಒಳಗಿಳಿದು, ಸ್ಕೇಲನ್ನು ಕಿತ್ತು ಪಕ್ಕಕ್ಕಿಟ್ಟು, ತಾವೇ ಸಾಲು ಹೊಡೆದರು. ಎರಡು ತಿಂಗಳ ಮೇಲೆ ಕಾಯಿ ಕಂಡಾಗ ಮಾತ್ರ ಮುಖ ಕಿವುಚಿದರು.

“ಇದೇನ್ ಸಾಮಿ, ಕಾಯ್ ಮ್ಯಾಗೆಲ್ಲಾ ಕೂದ್ಲು? ಕಂಬ್ಳಿ ಉಳ ಇದ್ದಂಗೈತೆ.”

ಒಂದನ್ನೂ ಬಾಯಿಗೆ ಹಾಕಲಿಲ್ಲ. ಆದರೂ ದಿನಾ ಬೆಳಿಗ್ಗೆ ಆರಕ್ಕೆ ಬಂದು ಗಿಡಗಳ ನಡುವೆ ಓಡಾಡುತ್ತಿದ್ದರು.

ನಮ್ಮ ಮನೆಯಲ್ಲಿ ಬಜ್ಜಿ ನಿಂತಿತು, ಚುರುಮುರಿ ನಿಂತಿತು. ಮಾಮನ ಜೇಬಿನಲ್ಲಿ ಸದಾ ಬೆಂದ ಕಾಯಿ. ರೇಷನ್ ಅಂಗಡಿಯ ಸಾಲಿನಲ್ಲಿ, ಕ್ಷೌರದಂಗಡಿಯಲ್ಲಿ, ಸಿಕ್ಕಸಿಕ್ಕವರ ಕೈಗೆ ನಾಲ್ಕು ಕಾಯಿ ಇಟ್ಟು, ಎಡಮಾಮೆಯ ಗುಣಗಾನ ಮಾಡಿ, ಚೀಪಬೇಕು, ನುಂಗಬಾರದು ಎಂದು ಪಾಠ ಹೇಳುತ್ತಿದ್ದರು. ಬೀದಿಯ ಮಕ್ಕಳು ಕಾಯಿಯ ಹೆಸರನ್ನು ಕೊಟ್ಟವರಿಗೇ ಇಟ್ಟರು. ಒಮ್ಮೆ ಗೊರಗುಂಟೆಪಾಳ್ಯದಲ್ಲಿ ಬಸ್ ಕಂಡಕ್ಟರ್ ಟಿಕೆಟ್ಟಿಗೆಂದು ಕೈ ಚಾಚಿದರೆ, ಮಾಮ ಅದರಲ್ಲೂ ಎರಡು ಕಾಯಿ ಇಟ್ಟರು. ಅವನು ತಿಂದ, ಚೆನ್ನಾಗಿದೆ ಅಂದ, ಮತ್ತೆ ಅದೇ ಕೈ ಚಾಚಿದ!

ಇಷ್ಟರಲ್ಲಿ ಯಲಹಂಕದಿಂದ ನನ್ನನ್ನು ನೋಡಲು ಗಂಡಿನವರು ಬರುವುದೆಂದಾಯಿತು. ಅತ್ತೆ ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟು, ನನ್ನ ಸೀರೆಯ ನೆರಿಗೆ ಹಿಡಿಯಲು ಒಳಗೆ ಬಂದರು. ಆ ಹತ್ತು ನಿಮಿಷ ಸಾಕಾಯಿತು. ನಾನು ಕಾಫಿ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲರ ಮುಂದೂ ಒಂದೊಂದು ತಟ್ಟೆ ಹಸಿರು ಕಾಯಿ! ಮಾಮ ಜಪಾನಿ ಅಜ್ಜನ ಸೈಕಲ್ಲಿನ ಕಥೆಯಲ್ಲಿ ಮುಳುಗಿ, ಚೀಪುವ ಪಾಠವನ್ನೇ ಮರೆತಿದ್ದರು. ಹುಡುಗನ ತಾಯಿ ತಟ್ಟೆಯನ್ನು ನಿಧಾನವಾಗಿ ಕುರ್ಚಿಯ ಕೆಳಗೆ ತಳ್ಳಿದರು. ಹುಡುಗ ಮಾತ್ರ ತಲೆ ತಗ್ಗಿಸಿ ಸಿಪ್ಪೆ, ನಾರು, ಕೂದಲು ಎಲ್ಲವನ್ನೂ ಅಗಿದು ಅಗಿದು ನುಂಗುತ್ತಿದ್ದ. ನನ್ನನ್ನು ನೋಡಲು ಅವನಿಗೆ ಪುರಸೊತ್ತೇ ಆಗಲಿಲ್ಲ.

ವಾರದೊಳಗೆ ಉತ್ತರ ಬಂತು: ಹುಡುಗಿ ಪರವಾಗಿಲ್ಲ, ಆದರೆ ಆ ಮನೆಯಲ್ಲಿ ಬಂದವರಿಗೆ ದನದ ಮೇವು ಹಾಕುತ್ತಾರೆ.

ಅತ್ತೆ ಅತ್ತರು. ನಾನು ಅಳಲಿಲ್ಲ, ಅಳುವಷ್ಟು ಪರಿಚಯವೇ ಆಗಿರಲಿಲ್ಲವಲ್ಲ! ಮಾಮ ನನ್ನೆದುರು ಬಂದು ಕೂತರು.

“ತಪ್ಪು ನಂದೈತಿ. ಆದ್ರ ಒಂದ್ ಮಾತು ಕೇಳು. ಇದನ್ನ ಹೆಂಗ ತಿನ್ನೋದ್ರೀ ಅಂತ ಅಂವ ಬಾಯಿಬಿಟ್ಟು ಕೇಳಲಿಲ್ಲ. ನಾಳೆ ನಿನ್ನನ್ನ ಏನ್ ಕೇಳ್ತಿದ್ದ?”

ನನಗೆ ನಗು ಬಂತು. ಎರಡು ವರ್ಷದ ಮೇಲೆ ನಾನು ಮದುವೆಯಾದವರು ಎಲ್ಲವನ್ನೂ ಕೇಳುವವರು. ಈಗಲೂ ಕೇಳುತ್ತಲೇ ಇದ್ದಾರೆ. ಅದು ಬೇರೆ ಕಷ್ಟ.

ಅತ್ತೆ ಮಾತ್ರ ನಗಲಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಅಪ್ಪಣೆ ಹೊರಡಿಸಿದರು: ಈ ಸಲ ಆ ಸೈಟಿನಲ್ಲಿ ಒಂದು ಕಾಳು ಬಿದ್ದರೂ ತಾವು ಧಾರವಾಡದ ಬಸ್ಸು ಹತ್ತುವುದು ಖಂಡಿತ. ಅತ್ತೆಯ ಮಾತಿಗೆ ಎಂದೂ ಎದುರಾಡದ ಮಾಮ ಆ ದಿನ ಆಗುವುದಿಲ್ಲ ಎಂದುಬಿಟ್ಟರು. ಸೊಸೆಯ ಮದುವೆಗಿಂತ ಆ ಕಾಯಿ ದೊಡ್ಡದೇ ಎಂದು ಅತ್ತೆ ಕೇಳಿದರು. ಮಾಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಪಕ್ಕದ ಮನೆಗೆ ಕೇಳಿಸದಂತೆ ದನಿ ತಗ್ಗಿಸಿದರು.

“ನನಗೂ ಅದನ್ನ ತಿಂದು ತಿಂದು ಸಾಕಾಗೇತಿ. ಆದ್ರ ಬಿತ್ತಲಿಲ್ಲಂದ್ರ ಮುನಿಶಾಮಪ್ಪ ಮುಂಜಾನೆ ಎದ್ದು ಎಲ್ಲಿಗೆ ಹೋಗ್ಬೇಕು?”

ಅತ್ತೆ ಒಳಗೆ ಹೋದರು. ಧಾರವಾಡದ ಬಸ್ಸಿನ ಸುದ್ದಿ ಮತ್ತೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದಾಗ ಅತ್ತೆ ಕಾಫಿ ಲೋಟ ಹಿಡಿದು ಸೈಟಿನ ಬೇಲಿಯ ಹತ್ತಿರ ನಿಂತಿದ್ದರು. ಮುನಿಶಾಮಪ್ಪನವರು ಒಳಗೆ ಕಳೆ ಕೀಳುತ್ತಿದ್ದರು. ಈ ಸಲ ಯಾವಾಗ ಬಿತ್ತುವುದು ಎಂದು ಅತ್ತೆಯೇ ಕೇಳಿದರು. ಅವರು ಲೋಟ ಇಸಿದುಕೊಂಡು, ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದರು.

“ಇನ್ನೊಂದ್ ಮಳೆ ಆಗ್ಲಿ ತಾಯಿ. ಆಮ್ಯಾಕ್ ಏಳ್ತೀನಿ.”

ಒಂದು ಕೈಯಲ್ಲಿ ಕಾಫಿ ಆರುತ್ತಿತ್ತು. ಇನ್ನೊಂದು ಕೈಯಲ್ಲಿದ್ದ ಮಣ್ಣನ್ನು ಅವರು ಕೆಳಗೆ ಹಾಕಲಿಲ್ಲ.