ನಮ್ಮೆಜಮಾನ್ರ ಗುಟ್ಟಿನ ಸಂಘ

ಬೇರೆ ಮನೆ ಗಂಡಸರು ಇಸ್ಪೀಟಾಡ್ತಾರೆ, ಕ್ರಿಕೆಟ್ ನೋಡ್ತಾರೆ. ನಮ್ಮನೇಲಿ ಮಾತ್ರ ಮೊದಲು ಮೈ ಜುಂ ಅನ್ನಿಸಿ ಆಮೇಲೆ ಹೊಟ್ಟೆ ಹಿಡ್ಕೊಂಡು ನಗಿಸೋ ಅವಾಂತರಗಳೇ ಆಗ್ತಿರುತ್ತವೆ. ಪೀಣ್ಯದಲ್ಲಿ ಮೆಟ್ರೋ ಕಂಬ ಏಳ್ತಿದ್ದ ಕಾಲದ್ದು ಇದು. ಮನೆ ಪಕ್ಕಕ್ಕೇ ಕಬ್ಬಿಣ ಕಡೆಯೋ ನಮ್ಮ ಲೇತ್ ಶೆಡ್ಡು. ಮನೇಲಿ ನಾನು, ನಮ್ಮೆಜಮಾನ್ರು, ನಮ್ಮತ್ತೆ. ಮಾವ ಆಗಲೇ ತೀರ್ಕೊಂಡಿದ್ರು.

ಒಪ್ಪಿಗೆ ಕೇಳೋಕೆ ಬಂದೋರು

ನಮ್ಮ ಶೆಡ್ಡಿಗೆ ಕೆಲಸ ಕೊಡ್ತಿದ್ದ ದೊಡ್ಡ ಗಿರಾಕಿಯೊಬ್ಬರು ಒಂದು ಗುಪ್ತ ಸಂಘದಲ್ಲಿದ್ರು. ಒಳಗೆ ನಡೆದದ್ದನ್ನ ಹೊರಗೆ ಬಾಯಿ ಬಿಡಲ್ಲ ಅಂತ ಆಣೆ ಮಾಡಿದೋರಿಗೆ ಮಾತ್ರ ಅಲ್ಲಿ ಜಾಗ. ನಮ್ಮೆಜಮಾನ್ರನ್ನೂ ಕರೆದ್ರು, ಇವರು ಕುಣೀತಾ ಒಪ್ಕೊಂಡ್ರು. ಮನೆಯೋರ ಒಪ್ಪಿಗೆ ಕೇಳೋದು ಆ ಸಂಘದ ಪದ್ಧತಿಯಂತೆ. ಒಂದಿನ ಮುಸ್ಸಂಜೆ, ಕರೆಂಟಿಲ್ಲ, ಬಾಗಿಲಲ್ಲಿ ಕರೀ ಸೂಟಿನ ಉದ್ದನೆ ಆಸಾಮಿ ಸದ್ದಿಲ್ಲದೆ ಬಂದು ನಿಂತಿದೆ! ನನ್ನೆದೆ ಧಸಕ್ ಅಂತು.

ಅತ್ತೆ ಮೇಣದಬತ್ತಿನ ಅವರ ಮುಖಕ್ಕೇ ಹಿಡಿದು, "ಯಾವ ದ್ಯಾವ್ರಪ್ಪಾ ನಿಮ್ದು?" ಅಂದ್ರು.

"ಯಾವ ದೇವರಾದ್ರೂ ಸರಿ ತಾಯಿ, ನಂಬಿಕೆ ಇದ್ರೆ ಸಾಕು. ಒಳಗೆ ಬಂದವನ ಹಳೇ ಜನ್ಮ ಸತ್ತು ಹೊಸ ಜನ್ಮ ಬರುತ್ತೆ, ಅಷ್ಟೇ."

ಅತ್ತೆ ಬಹಳ ಹೊತ್ತು ಯೋಚನೆ ಮಾಡಿ ಕೇಳಿದ್ರು: "ಸತ್ತ ಅಂದ್ಮ್ಯಾಕೆ ನಮ್ಗೆ ಸೂತ್ಕ ಎಷ್ಟು ದಿನ?"

ಅಮ್ಮನ ಹೂವು

ಅತ್ತೆ ಬಿಟ್ಟಾರಾ? ಊರಮ್ಮನ ಗುಡಿಗೆ ನಮ್ಮನ್ನೆಲ್ಲ ಎಳ್ಕೊಂಡು ಹೋದ್ರು, ಹೂವು ಕೇಳೋಕೆ. ಅಮ್ಮನ ಬಲಗಡೆಯಿಂದ ಹೂ ಬಿದ್ರೆ ಸಂಘ ಸೇರಬಹುದು, ಎಡಗಡೆ ಬಿದ್ರೆ ಕೂಡದು. ಈಗ ಆ ಗುಡಿ ಎರಡು ಫ್ಯಾಕ್ಟರಿ ಗೋಡೆ ನಡುವೆ ಸಿಕ್ಕಾಕೊಂಡಿದೆ. ಪಕ್ಕದ ಪ್ರೆಸ್ ಮಿಷನ್ನು ಧಡ್ ಅಂದಾಗೆಲ್ಲ ನೆಲ ಅದುರುತ್ತೆ, ದೀಪ ನಡುಗುತ್ತೆ, ಅಮ್ಮನ ಬೆಳ್ಳಿ ಕಣ್ಣು ನಮ್ಮ ಕಡೆಗೇ ತಿರುಗಿದಂಗಾಗುತ್ತೆ. ಹೂ ಮಾತ್ರ ಅಲ್ಲಾಡಲ್ಲ! ಕಾದೂ ಕಾದೂ ಕಾಲು ಸೋತ್ವು.

ಪೂಜಾರಿ ಬೆವರು ಒರೆಸ್ಕೊಂಡು, "ಅಮ್ಮನೂ ಆ ಸಂಘಕ್ಕೆ ಸೇರ್ಕಂಡಿರಂಗದೆ ಕಣಮ್ಮೋ, ಬಾಯೇ ಬಿಡ್ತಿಲ್ಲ" ಅಂದ.

ಶೆಡ್ಡಿನ ಪಂಚಾಯ್ತಿ

ಆಮೇಲೆ ಅತ್ತೆ ಶೆಡ್ಡಿಗೇ ನುಗ್ಗಿದ್ರು. "ನೀವಾದ್ರೂ ಏಳ್ರಪ್ಪಾ, ಇದು ಸರೀನಾ?"

ಲೇತ್ ಓಡಿಸೋ ಕ್ರೈಸ್ತರ ಹುಡುಗ ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡ. "ನಮ್ಮ ಫಾದರ್ ಖಂಡಿತಾ ಬೇಡ ಅಂತಾರಮ್ಮ. ಅಂಥ ಆಣೆ ಮಾಡ್ದೋರು ಚರ್ಚಲ್ಲಿ ಪ್ರಸಾದ ತಗೋಳೋ ಹಂಗಿಲ್ಲ."

ಫಿಟ್ಟರ್ ಸಾಬ್ರು ತಲೆ ಆಡಿಸಿದ್ರು. "ಅಲ್ಲಿ ಮಂಡಿ ಊರಿ ಆಣೆ ಮಾಡ್ಬೇಕಂತೆ. ಅಲ್ಲಾನ ಬಿಟ್ಟು ಬೇರೆ ಯಾರ ಮುಂದೆ ಮಂಡಿ ಊರೋದು ಅಮ್ಮಾ?"

ಬಾಗಲಕೋಟೆ ಕಡೆಯ ವೆಲ್ಡರ್ ಕೊರಳಲ್ಲಿದ್ದ ಲಿಂಗದ ಕರಡಿಗೆ ಹಿಡ್ಕೊಂಡ. "ಮೈಮ್ಯಾಲಿಂದೆಲ್ಲಾ ತಗದಿಟ್ಟು ಒಳಗ ಬಾ ಅಂತಾರಂತ್ರೀ. ಲಿಂಗ ತಗದಮ್ಯಾಲೆ ಏನ್ ಉಳೀತ್ರೀ?"

ಅಷ್ಟೊತ್ತಿಗೆ ಎಲ್ಲಾ ಮಿಷನ್ನೂ ನಿಂತು ಶೆಡ್ಡು ಸ್ಮಶಾನ ಆಗಿತ್ತು. ನಮ್ಮೆಜಮಾನ್ರು ಒಳಗಿಂದ ಕಿರುಚಿದ್ರು: "ಲೇ, ಅಳತೆ ತಪ್ಪಿದೆ ನಿಲ್ಸ್ರೋ ಅಂತ ನಾನು ಬಡ್ಕೊಂಡ್ರೂ ನಿಲ್ಸಲ್ಲ, ದೇವರ ಹೆಸರು ಬಂದ ತಕ್ಷಣ ಎಲ್ಲಾ ಬಂದ್ ಮಾಡಿದೀರಲ್ರೋ!"

ಹೋಗಿ ಬಂದ್ರು

ಹಠಮಾರಿ ಮನುಷ್ಯ, ಒಂದು ಭಾನುವಾರ ಹೋಗೇಬಿಟ್ರು. ವೈಟ್‌ಫೀಲ್ಡ್ ಕಡೆ ಯಾವುದೋ ಹಳೇ ಬಂಗಲೆಯಂತೆ, ಕಿಟಕಿಗಳನ್ನೆಲ್ಲ ಹಲಗೆ ಹೊಡೆದು ಮುಚ್ಚಿದಾರಂತೆ. ವಾಪಸ್ ಬಂದಾಗ ಮುಖ ಸುಣ್ಣ. ಅತ್ತೆ ಗೇಟಲ್ಲೇ ತಡೆದು, ಹೆಣ ಸುಟ್ಟು ಬಂದೋರಿಗೆ ಹುಯ್ಯೋ ಹಾಗೆ ತಲೆ ಮೇಲೆ ನೀರು ಹುಯ್ದ್ರು.

"ಏನ್ರೀ ಮಾಡಿದ್ರು ಒಳಗೆ?" ಅಂದೆ.

"ಕಣ್ಣಿಗೆ ಬಟ್ಟೆ ಕಟ್ಟಿ..." ಅಂದೋರು ಗಬಕ್ಕನೆ ಬಾಯಿ ಮುಚ್ಕೊಂಡ್ರು. "ಆಣೆ ಕಣೇ, ಕೇಳಬೇಡ."

ಆಮೇಲೆ ಪಿತೃಪಕ್ಷ ಬಂತು. ಅತ್ತೆ ಒಂದೇ ಮಾತು: "ಸತ್ತೋನು ಸತ್ತೋರ್ಗೆ ಎಂಗ್ಲಾ ಎಡೆ ಇಕ್ತೀಯ? ನಿಮ್ಮಪ್ಪ ಈ ವರ್ಸ ಉಪಾಸ ಓಗ್ತಾನೆ." ಅಪ್ಪ ಅಂದ್ರೆ ಇವರಿಗೆ ಪ್ರಾಣ. ಊಟ ಬಿಟ್ಟು ಗೋಡೆ ನೋಡ್ತಾ ಕೂತ್ರು. ಅತ್ತೆ ತಟ್ಟೆ ಮುಂದಕ್ಕೆ ತಳ್ಳಿ, "ಉಣ್ಣು, ಒಸಾ ಜನ್ಮ ಅಂದ್ಮ್ಯಾಕೆ ಬಾಯಲ್ಲಿ ಒಂದ್ ಅಲ್ಲೂ ಇರಾಕಿಲ್ಲ, ಮೆತ್ತಗೆ ಕಲಸಿವ್ನಿ" ಅಂದ್ರು.

ಅಮಾವಾಸ್ಯೆ

ಮಹಾಲಯ ಅಮಾವಾಸ್ಯೆ. ಮಾವನಿಗೆ ಇಷ್ಟವಾದ ಬೋಟಿ ಗೊಜ್ಜು, ವಡೆ, ಕಜ್ಜಾಯ ಎಲ್ಲಾ ಬಡಿಸಿದ ಎಲೆ ತಗೊಂಡು ಟೆರೇಸ್ ಹತ್ತಿದ್ವಿ. ಕಾಗೆ ಮುಟ್ಟಿದ್ರೆ ಹಿರಿಯರು ಉಂಡ ಹಾಗೆ. ಶೆಡ್ಡಿಗೆಲ್ಲ ರಜ, ಒಂದು ಮಿಷನ್ ಸದ್ದಿಲ್ಲ. ತಲೆ ಎತ್ತಿ ನೋಡಿದ್ರೆ ಸುತ್ತಲ ಗೋಡೆ ತುಂಬಾ ಕಾಗೆ! ಒಂದೂ ಕೂಗಲ್ಲ, ಒಂದೂ ಇಳಿಯಲ್ಲ. ಎಲ್ಲಾ ಇವರನ್ನೇ ನೋಡ್ತಿವೆ. ಆ ಬಿಸಿಲಲ್ಲೂ ನಂಗೆ ಚಳಿ ಹುಟ್ತು ಕಣ್ರೀ.

ಅತ್ತೆ ಅಳೋಕೆ ಶುರು ಮಾಡಿದ್ರು. ಇವರು ಕೈ ಮುಗಿದು, "ಅಪ್ಪಾ, ಸಂಘ ಬಿಟ್ಬಿಡ್ತೀನಿ" ಅಂದ್ರು. ಒಂದು ರೆಕ್ಕೆ ಅಲ್ಲಾಡಲಿಲ್ಲ. "ಅಮ್ಮ ಹೇಳಿದಂಗೆ ಕೇಳ್ತೀನಪ್ಪಾ, ಊಟ ಮಾಡು." ಊಹೂಂ.

ಆಗ ಒಂದು ಮುದಿ ಕಾಗೆ ಇಳಿದು ಬಂತು. ಎಲೆ ಮುಟ್ಟಲಿಲ್ಲ, ಇವರ ಹತ್ರ ಬಂದು ಕತ್ತು ಓರೆ ಮಾಡಿ ನಿಂತ್ಕೊಂಡ್ತು. ಇವರು ಅದರ ಮುಂದೆ ಮಂಡಿ ಊರಿ ಕೂತ್ರು. ಬಾಯಿಗೆ ಕೈ ಅಡ್ಡ ಇಟ್ಟು ಪಿಸಪಿಸ ಅಂತ ಏನೋ ಹೇಳಿದ್ರು. ಹೇಳ್ತಾನೇ ಇದ್ರು. ಅದು ಪೂರ್ತಿ ಕೇಳಿಸ್ಕೊಂಡು, ನೇರ ಹೋಗಿ ಬೋಟಿಗೆ ಬಾಯಿ ಹಾಕ್ತು! ಮಿಕ್ಕವೂ ದಬದಬ ಇಳಿದ್ವು. ಇವರು ಚಿಕ್ಕ ಮಗು ಥರ ಅತ್ತುಬಿಟ್ರು.

ಅತ್ತೆ ಸೆರಗಲ್ಲಿ ಮೂಗು ಒರೆಸ್ಕೊಂಡು, "ನಿಮ್ಮಪ್ಪಂಗೆ ಸಂಘದ ಮ್ಯಾಲೆ ಕ್ವಾಪ ಇರ್ನಿಲ್ಲ ಕಣ್ಲಾ. ಒಳ್ಗೇನ್ ನಡೀತದೆ ಅಂತ ತಿಳ್ಕಬೇಕಾಗಿತ್ತು, ಅಷ್ಟೇಯ" ಅಂದ್ರು.

ಕೆಳಗಿಳಿಯುವಾಗ ನಾನು ಮೆಲ್ಲಗೆ ಕೇಳ್ದೆ, "ಏನ್ರೀ ಹೇಳಿದ್ರಿ ಅದಕ್ಕೆ?"

"ಆಣೆ ಕಣೇ" ಅಂದ್ರು.

ಸಂಜೆಯೊಳಗೆ ಪೀಣ್ಯದ ಕಾಗೆಗಳಿಗೆಲ್ಲ ವಿಷಯ ಗೊತ್ತಾಗಿರಬೇಕು. ಕಟ್ಕೊಂಡ ಹೆಂಡ್ತಿಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ.