ಮೂರನೇ ಹಾಸಿಗೆಯ ಪಾರದರ್ಶಕ ಪೆಟ್ಟಿಗೆಯವರ ಸನ್ನಿಧಾನಕ್ಕೆ

ಮಾನ್ಯರೇ,

ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಮೂರು ಗೋಡೆ, ಒಂದು ಸೂರು, ಎರಡು ತೂತುಗಳ ಸಮೇತ ವಿರಾಜಮಾನರಾಗಿರುವ ಪ್ಲಾಸ್ಟಿಕ್ ಪೆಟ್ಟಿಗೆಯವರಾದ ತಮಗೆ, ಇಪ್ಪತ್ತೆರಡು ವರ್ಷ ಇಲ್ಲಿಯೇ ಸವೆದ ಹಿರಿಯ ನರ್ಸ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸೊಂಟನೋವಿನ ಕಾರಣ ಸಾಷ್ಟಾಂಗವನ್ನು ಕಾಗದದಲ್ಲಿಯೇ ಸ್ವೀಕರಿಸಬೇಕಾಗಿ ಕೋರಿಕೆ.

ತಾವು ಬಂದ ದಿನ ಮೊದಲು ಸಂತೋಷಪಟ್ಟವಳು ನಾನೇ. ಊರೆಲ್ಲ ಮಾಸ್ಕ್ ಹಾಕಿಕೊಂಡಿದ್ದ ಆ ಸೋಂಕಿನ ದಿನಗಳಲ್ಲಿ ಮಗುವಿನ ಗಂಟಲಿಗೆ ಉಸಿರಿನ ನಳಿಗೆ ಇಳಿಸುವುದೆಂದರೆ ಅದರ ಉಸಿರಿಗೆ ನಮ್ಮ ಮುಖ ಒಡ್ಡುವುದೇ ಆಗಿತ್ತು, ಮತ್ತು ನನಗೆ ಬಹಳ ಹೆದರಿಕೆಯಿತ್ತು. ಮಗುವಿನ ತಲೆಯ ಮೇಲೆ ತಮ್ಮನ್ನು ಬೋರಲು ಹಾಕಿ, ತೂತುಗಳಲ್ಲಿ ಕೈ ತೂರಿಸಿ ಕೆಲಸ ಮಾಡಿ ಎಂದು ಆಡಳಿತದವರು ಹೇಳಿದಾಗ ಎಲ್ಲರೂ ಹಾಗೆಯೇ ಮಾಡಿದೆವು. ತಮ್ಮ ಹಿಂದೆಯೇ ನಿಯಮಗಳೂ ಬಂದವು: ನಳಿಗೆ ಹಾಕುವವರು ಎಲ್ಲರಿಗಿಂತ ಪಳಗಿದ ದೊಡ್ಡ ಡಾಕ್ಟರೊಬ್ಬರೇ, ಕಲಿಯುವವರು ಗಾಜಿನ ಬಾಗಿಲಾಚೆ, ತಾಯಿ ಅದಕ್ಕೂ ಆಚೆ.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕರೂಢಿ. ನಮ್ಮ ಆಡಳಿತದವರು ಮಾತ್ರ ದೋಣಿಯನ್ನೇ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾರೆ. ಸೋಂಕು ಹೋಗಿ ವರ್ಷಗಳಾದರೂ ಆ ನಿಯಮಗಳೆಲ್ಲ ಹಾಗೆಯೇ ಇವೆ, ಪ್ರತಿ ಮಗುವಿಗೂ ‘ಪೆಟ್ಟಿಗೆ ಬಳಸಲಾಯಿತೇ?’ ಎಂಬ ನಮೂನೆ ತುಂಬಬೇಕು. ಮಗು ಹೇಗಿದೆ ಎಂದು ಕೇಳುವ ಕಾಲಂ ಎರಡನೇ ಪುಟದಲ್ಲಿದೆ.

ಕಳೆದ ತಿಂಗಳು ತಾವು ತೋರಿದ ಪರಾಕ್ರಮವನ್ನು ಹೊಗಳಲು ನನಗೆ ಪದಗಳು ಸಾಲವು. ಎರಡು ವರ್ಷದ ಮಗು ಒಳಗೆ, ದೊಡ್ಡ ಡಾಕ್ಟರ ಮೊಣಕೈಗಳು ತೂತಿನಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ, ತಮ್ಮ ಮೈಯೆಲ್ಲ ಮಂಜು, ಮಗುವಿನ ತುಟಿ ನೀಲಿ. ಕೊನೆಗೆ ಅವರು ತಮ್ಮನ್ನು ಎತ್ತಿ ನೆಲಕ್ಕಿಟ್ಟು ಕ್ಷಣದಲ್ಲಿ ನಳಿಗೆ ಇಳಿಸಿದರು. ಬೆವರು ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ ಮಾತು: “ನಾನು ಹೋದ್ಮೇಲೆ ಯಾರು ಹಾಕ್ತಾರೆ, ಈ ಡಬ್ಬಾನಾ?”

ಅವರು ಈ ತಿಂಗಳ ಕೊನೆಗೆ ನಿವೃತ್ತರು. ಅವರ ನಂತರ ಇರುವವಳು ನಾವು ಗುಬ್ಬಿ ಎಂದು ಕರೆಯುವ ಕಿರಿಯ ಡಾಕ್ಟರಮ್ಮ. ಬೊಂಬೆಯ ಗಂಟಲಿಗೆ ನೂರು ಸಲ ನಳಿಗೆ ಹಾಕಿದ್ದಾಳೆ, ಜೀವವಿರುವ ಮಗುವಿಗೆ ಒಮ್ಮೆಯೂ ಇಲ್ಲ. ದಡದಲ್ಲಿ ನಿಲ್ಲಿಸಿ ಈಜು ಕಲಿಸಿದ ಹಾಗಾಯಿತು. ಮುಂದಿನ ತಿಂಗಳು ನೀಲಿಯಾಗುವ ಮಗುವಿಗೆ ಈ ಕತೆಯೆಲ್ಲ ಹೇಳಿ ಕಾಯಿಸಲು ಬರುವುದಿಲ್ಲ.

ಆದ್ದರಿಂದ ತಾವು ದಯಮಾಡಿ ಹತ್ತು ಬೆರಳು ಬೆಳೆಸಿಕೊಂಡು, ಪರೀಕ್ಷೆ ಪಾಸು ಮಾಡಿ, ದೊಡ್ಡ ಡಾಕ್ಟರ ಹುದ್ದೆಯನ್ನು ವಹಿಸಿಕೊಳ್ಳಬೇಕು. ಅದು ತಮ್ಮ ಘನತೆಗೆ ಕಡಿಮೆ ಎನಿಸಿದರೆ, ಮಗುವಿನ ತಲೆಯ ಬಳಿಯ ತಮ್ಮ ಜಾಗವನ್ನು ದೊಡ್ಡ ಡಾಕ್ಟರು ಇರುವಾಗಲೇ ಗುಬ್ಬಿಗೆ ಬಿಟ್ಟುಕೊಡಬೇಕು. ನಳಿಗೆಯ ದಾರಿಯನ್ನು ಪರದೆಯಲ್ಲಿ ತೋರಿಸುವ ಕ್ಯಾಮೆರಾ ಮಾತ್ರ ಇರಲಿ. ಅದೂ ಆ ಸೋಂಕಿನ ಕಾಲದಲ್ಲೇ ಬಂದದ್ದು, ಆದರೆ ಕೆಲಸ ಮಾಡುತ್ತದೆ.

ತಮ್ಮನ್ನು ದಿನಕ್ಕೆರಡು ಬಾರಿ ಒರೆಸಿ ಕೈ ಸವೆದ,
ತಮ್ಮ ವಿಶ್ವಾಸಿ,
ಹಿರಿಯ ನರ್ಸ್

ಮರೆತ ಮಾತು: ತಮ್ಮ ಉತ್ತರಕ್ಕೆ ಕಾಯದೆ ಇಂದು ಬೆಳಿಗ್ಗೆ ತಮ್ಮನ್ನು ನೆಲಕ್ಕಿಟ್ಟು, ಒಂದು ಮಗುವಿಗೆ ಗುಬ್ಬಿಯೇ ನಳಿಗೆ ಹಾಕಿದಳು. ದೊಡ್ಡ ಡಾಕ್ಟರು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದರು, ಒಂದೇ ಸಲಕ್ಕೆ ಇಳಿಯಿತು. ರಾತ್ರಿಯಿಡೀ ಬಾಗಿಲಾಚೆ ನಿಂತಿದ್ದ ತಾಯಿಯನ್ನೂ ಒಳಗೆ ಕರೆಸಿದ್ದೆವು. ಕುರ್ಚಿ ಸಿಗದೆ ತಮ್ಮನ್ನೇ ಹಾಸಿಗೆಯ ಪಕ್ಕಕ್ಕೆ ಎಳೆದು, ಆಕೆಯನ್ನು ತಮ್ಮ ಮೇಲೆ ಕೂರಿಸಿ, ಮಗುವಿನ ಪಾದವನ್ನು ಅವಳ ಕೈಗೆ ಕೊಟ್ಟೆವು. ನಮೂನೆಯಲ್ಲಿ ‘ಬಳಸಲಾಯಿತು’ ಎಂದೇ ಬರೆದಿದ್ದೇನೆ.