ಅತ್ತೆಯ ಸ್ವೆಟರಿಗೆ ತಕ್ಕ ಹ್ಯಾಂಗರ್

ಬಟ್ಟೆ ಒಗೆಯುವುದೇನು ಮಹಾ ಕೆಲಸ ಎಂದು ನಂಬಿದ್ದ ಗಂಡಸರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಹೊಸ ಉಣ್ಣೆ ಸ್ವೆಟರಿನ ಮೇಲೆ ಚಹಾ ಚೆಲ್ಲಿಕೊಂಡಾಗ, ಎದೆಗುಂದದೆ ಅದನ್ನು ಬಕೆಟ್ಟಿನಲ್ಲಿ ಅದ್ದಿಬಿಟ್ಟೆ.

ಅದು ಸಾಮಾನ್ಯ ಸ್ವೆಟರ್ ಅಲ್ಲ. ಕಲಬುರಗಿಯ ನನ್ನ ಅತ್ತೆ ಬೆರಳ ನೋವು ನುಂಗಿಕೊಂಡು, ಮಳೆಗಾಲವಿಡೀ ಕೂತು ಹೆಣೆದದ್ದು. "ಇದ ಕಡೀದು. ಇನ್ನ ಸೂಜಿ ಹಿಡಿಯಾಕ ಆಗಂಗಿಲ್ಲ" ಎಂದು ಹೇಳಿ ಕಳಿಸಿದ್ದರು. ಅಂದು ಸಂಜೆ ಅವರೇ ಬರುವವರಿದ್ದರು, ಅಳಿಯನ ಮೈಮೇಲೆ ಅದನ್ನು ನೋಡಲು!

ಅಷ್ಟರಲ್ಲಿ ಇದು ಒಣಗುವುದು ಹೇಗೆಂದು ಹೆದರಿ ಹೆಂಡತಿ ಸುಮಾಗೆ ಫೋನ್ ಮಾಡಿದೆ. ನಮ್ಮ ಹೈದರಾಬಾದಿನದೇ ಉಪ್ಪಲ್‌ನಲ್ಲಿರುವ ತನ್ನ ಅಕ್ಕನ ಮನೆಗೆ ಬಂದಿಳಿದಿದ್ದ ಅವ್ವನನ್ನು ಕರೆತರಲು ಅವಳು ಮೆಟ್ರೋ ಹತ್ತಿದ್ದಳು.

"ಅಯ್ಯ ಶಿವನ! ಹ್ಯಾಂಗರ ಒಣಗಸ್ರಿ! ಆಕಾರ ಕೆಟ್ಟೀತು, ಹುಷಾರ್ರಿ!" ಎಂದಳು. ಫೋನ್ ಕಟ್ಟಾಯಿತು.

ಹ್ಯಾಂಗರ್ ತಾನೇ? ಕಪಾಟಿನಲ್ಲಿದ್ದ ತಂತಿಯ ಹ್ಯಾಂಗರಿಗೆ ನೀರು ಸೋರುವ ಸ್ವೆಟರನ್ನು ಏರಿಸಿ ಬಾಲ್ಕನಿಯಲ್ಲಿ ತೂಗುಹಾಕಿದೆ. ಸ್ನಾನ ಮುಗಿಸಿ ಬಂದು ನೋಡಿದರೆ ಎರಡೂ ಭುಜಗಳಲ್ಲಿ ಕೊಂಬು ಮೂಡಿದ್ದವು! ತಪ್ಪು ಹ್ಯಾಂಗರಿನದೇ ಎಂದು ತೀರ್ಮಾನಿಸಿ ಹಿಮಾಯತ್‌ನಗರದ ಅಂಗಡಿಗೆ ಓಡಿದೆ.

"ಕಿಸ್‌ಕೆ ವಾಸ್ತೆ ಹೋನಾ ಸಾಬ್?" ಅಂಗಡಿಯವನು ಯಾವ ಬಟ್ಟೆಗೆ ಎಂದು ಕೇಳಿದ್ದ.

"ಸಾಸ್ ಕೆ ವಾಸ್ತೆ!" ಎಂದುಬಿಟ್ಟೆ. ತಲೆಯಲ್ಲಿ ಇದ್ದದ್ದು ಅತ್ತೆಯೊಬ್ಬರೇ.

ಅವನು "ಸಾಸ್ ಕಾ ಕಂಧಾ ಕಿತ್ತಾ ಚೌಡಾ ಹೈ?" ಎಂದು ಗಂಭೀರವಾಗಿ ಅತ್ತೆಯ ಭುಜದ ಅಗಲ ವಿಚಾರಿಸಿದ!

ಕೊನೆಗೆ ಮಂತ್ರಿಗಳ ಕೋಟು ತೂಗುಹಾಕಲೂ ಸಲ್ಲುವಂಥ ಅಗಲವಾದ ಮರದ ಹ್ಯಾಂಗರ್ ತಂದೆ. ಕೊಂಬುಗಳು ಮಾಯವಾದವು. ಗೆದ್ದ ಖುಷಿಯಲ್ಲಿ ಊಟ ಮಾಡಿ ಮರಳಿದೆ. ಭುಜ ನೆಟ್ಟಗೇ ಇತ್ತು. ನೀರಿನ ಭಾರಕ್ಕೆ ಉಳಿದದ್ದೆಲ್ಲ ಕೆಳಗಿಳಿದಿತ್ತು! ಗಾಬರಿಯಿಂದ ಒಳಗೆ ತಂದು, ಕ್ಲಿಪ್ ಹ್ಯಾಂಗರಿಗೆ ಸಿಕ್ಕಿಸಿ, ಫ್ಯಾನಿನ ಕೆಳಗೆ ತಲೆಕೆಳಗು ಮಾಡಿದೆ. ಈಗ ತೋಳುಗಳೂ ನೆಲ ಮುಟ್ಟಲು ಹೊರಟವು. ಸಂಜೆಯವರೆಗೂ ಫ್ಯಾನ್ ತಿರುಗುತ್ತಲೇ ಇತ್ತು, ನಾನು ಬೆವರುತ್ತಲೇ ಇದ್ದೆ.

ಬೆಲ್ ಆಯಿತು. ಬೇರೆ ದಾರಿ ಕಾಣದೆ ಹಾಕಿಕೊಂಡು ಬಾಗಿಲು ತೆರೆದೆ. ಸ್ವೆಟರ್ ಮೊಣಕಾಲು ಮುಟ್ಟುತ್ತಿತ್ತು.

ಅತ್ತೆ ಚಪ್ಪಲಿ ಬಿಡುವಷ್ಟರಲ್ಲಿ ಸುಮಾ ಪಿಸುಗುಟ್ಟಿದಳು: "ಏನ್ರಿ ಇದು! ತೂಗ ಹಾಕಿದ್ರೇನು?"

"ನೀನ ಹ್ಯಾಂಗರ್ ಅಂದೆಲ್ಲ!"

"ನಾ ಅಂದದ್ದು ಹ್ಯಾಂಗರ! ನಿಮ್ಮ ಪುಸ್ತಕದ ಕನ್ನಡದಾಗ 'ಹೇಗಾದರೂ' ಅಂತ್ರಿ!"

ಹೈದರಾಬಾದಿನಲ್ಲೇ ಹುಟ್ಟಿ, ತೆಲುಗು ಹಿಂದಿಗಳ ನಡುವೆ ಬೆಳೆದ ನನ್ನ ಕನ್ನಡದ ಯೋಗ್ಯತೆ ಹೀಗೆ ಬಯಲಾಯಿತು.

ಅತ್ತೆ ಹತ್ತಿರ ಬಂದು ತೋಳಿನ ಅಂಚು ಮುಟ್ಟಿದರು. ಅವರ ಮುಖ ಬಾಡಿತು. "ನನ್ನ ಅಳತಿನ ತಪ್ಪೇತಿ. ಕಣ್ಣೂ ಹೋದ್ವು, ಕೈಯೂ ಹೋತು" ಎಂದರು.

ಸುಮಾಳಿಂದ ಕಲಿತಷ್ಟು ಮಾತಿನಲ್ಲಿ ತಟ್ಟನೆ ಅಂದೆ: "ಇಲ್ರಿ ಅತ್ತಿ! ಅಳತಿ ಬರೋಬ್ಬರಿ ಐತಿ. ನಾನ ಸೊರಗೇನ್ರಿ!"

"ಹೌದೇನ್ರಿ ಅಳ್ಯಾರ!" ಅತ್ತೆಯ ಮುಖ ಅರಳಿತು. ಮರುಕ್ಷಣವೇ ಮಗಳ ಕಡೆ ತಿರುಗಿದರು. "ಸುಮಾ! ಗಂಡಗ ಹೊಟ್ಟಿ ತುಂಬ ಊಟಕ್ಕ ಹಾಕಂಗಿಲ್ಲೇನ ನೀ?"

ಸೊರಗಿದವನು ಕುಳ್ಳನೂ ಆಗುತ್ತಾನೆಯೇ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. ನಾನು ಸ್ವೆಟರ್ ತುಂಬುವವರೆಗೂ ಊರಿಗೆ ಹೋಗುವುದಿಲ್ಲವೆಂದು ಅತ್ತೆ ಪಣತೊಟ್ಟಿದ್ದಾರೆ. ಹೊತ್ತುಹೊತ್ತಿಗೆ ರೊಟ್ಟಿ, ಬೆಣ್ಣೆ, ಹೋಳಿಗೆ ಬಂದು ಬೀಳುತ್ತಿವೆ. ಹೆಂಡತಿ ಮಾತು ಬಿಟ್ಟಿದ್ದಾಳೆ. ಹೊಟ್ಟೆಯ ಭಾಗ ಆಗಲೇ ಬಿಗಿಯಾಗಿದೆ. ಆದರೆ ಯಾವ ಹೋಳಿಗೆಯೂ ಮೊಣಕಾಲಿನವರೆಗೆ ಇಳಿಯುತ್ತಿಲ್ಲ!